ಒಂದೂವರೆ ಸುತ್ತಿನ ಸುಳಿಯಿಲ್ಲ

ಹೊಳೆಯ ಸುಳಿಯನ್ನು ನೀವು ಕಂಡಿದ್ದೀರಿ. ಕೆಲವು ಅತಿವಾಹಕಗಳೊಳಗೂ ಸುಳಿಗಳಿವೆ. ಅವುಗಳ ನಡುವಿನಿಂದ ಕಾಂತರೇಖೆಗಳು ತೂರಿಹೋಗುತ್ತವೆ. 1957ರಲ್ಲಿ ಅಬ್ರಿಕೊಸೊವ್ ಇದನ್ನು ಲೆಕ್ಕಹಾಕಿ ತೋರಿಸಿದರು. 1973ರಲ್ಲಿ ನೀಲ್ಸನ್ ಮತ್ತು ಒಲೆಸನ್ ಅದೇ ಸುಳಿಯನ್ನು ಮೂಲಕಣಗಳ ಗೇಜ್ ಕ್ಷೇತ್ರ ಸಿದ್ಧಾಂತದಲ್ಲಿ ಕಂಡರು.

ಸಿದ್ಧಾಂತದ ಚಲನಶಕ್ತಿಯ ಪದವನ್ನೇ ಬದಲಿಸಿದರೆ? ಸಾಮಾನ್ಯವಾಗಿ ಅಲ್ಲಿರುವುದು ವರ್ಗ ಮಾತ್ರ. ಮೇಲಿನ ಘಾತಗಳನ್ನೂ ಸೇರಿಸಿ ನೋಡಿದ್ದಾರೆ. ಸುಳಿಯ ತಿರುಳು ಹಿಗ್ಗಬಹುದು, ಕುಗ್ಗಬಹುದು, ಶಕ್ತಿಯೂ ಬದಲಾಗಬಹುದು. ಆದರೆ ಕಾಂತ ಅಭಿವಾಹ ಜಗ್ಗುವುದಿಲ್ಲ! ಏಕೆ? ಕ್ಷೇತ್ರವನ್ನು ಗಡಿಯಾರದ ಮುಳ್ಳೆಂದು ಭಾವಿಸಿ. ಸುಳಿಯಿಂದ ದೂರದಲ್ಲಿ ಒಂದು ಪ್ರದಕ್ಷಿಣೆ ಮಾಡಿ ಹೊರಟಲ್ಲಿಗೇ ಬಂದರೆ ಮುಳ್ಳೂ ಮೊದಲಿನ ದಿಕ್ಕಿಗೇ ಬಂದಿರಬೇಕಲ್ಲವೇ? ಹಾಗಾಗಿ ಅದು ಪೂರ್ಣ ಸುತ್ತುಗಳನ್ನೇ ತಿರುಗಿರಬೇಕು. ಅಭಿವಾಹ ಎಷ್ಟೆಂಬುದು ಆ ಸುತ್ತುಗಳ ಎಣಿಕೆ. ಅತಿವಾಹಕದಲ್ಲಿ ಸುತ್ತೊಂದಕ್ಕೆ 2.07×10⁻¹⁵ ವೆಬರ್.