ಹೆಸರಿನ ಜಾಗದಲ್ಲಿ ಪ್ರಶ್ನೆ ಚಿಹ್ನೆ!

ಗೆಳೆಯರೇ, ನಾನು ಭಾಷಣಕಾರನಲ್ಲ. ಪಿಯುಸಿ ಓದಿ ಪ್ರೆಸ್ಸಿಗೆ ಬಂದವನು. ಕಂಪ್ಯೂಟರ್ ಎಂಜಿನಿಯರುಗಳು ನಿಮ್ಮಲ್ಲೇ ಬೇಕಾದಷ್ಟು ಜನ ಇದ್ದೀರಿ. ಆದರೂ ಲಿನಕ್ಸ್ ಸರ್ವರಿನ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಅಕ್ಷರ ಕೆಟ್ಟರೆ ಮೊದಲು ಹೊಟ್ಟೆ ಉರಿಯುವುದು ಅಕ್ಷರ ಜೋಡಿಸುವವನಿಗೆ.

ಮೂಲೆಗೆ ಬಿದ್ದಿರುವ ಹಳೇ ಕಂಪ್ಯೂಟರ್ ಸಾಕು. ಡೆಬಿಯನ್ ಇಲ್ಲವೇ ಉಬುಂಟು ಹಾಕಿ. ಎರಡೂ ಲಿನಕ್ಸೇ, ಎರಡಕ್ಕೂ ಕಾಸು ಕೊಡಬೇಕಿಲ್ಲ. ಪುಟ ಬಡಿಸಲು ಅಪಾಚೆ, ಮಾಹಿತಿ ಕೂಡಿಡಲು ಮರಿಯಾ ಡಿಬಿ, ನಡುವೆ ಓಡಾಡಲು ಪಿಎಚ್‌ಪಿ. ‘ಆಪ್ಟ್ ಇನ್‌ಸ್ಟಾಲ್’ ಎಂದು ಇವುಗಳ ಹೆಸರು ಹೊಡೆದು ಕಾಫಿ ಕುಡಿದು ಬನ್ನಿ. ಬ್ರೌಸರಿನಲ್ಲಿ ‘ಲೋಕಲ್‌ಹೋಸ್ಟ್’ ಎಂದಾಗ ಅಪಾಚೆಯ ಪುಟ ಕಂಡರೆ ಅರ್ಧ ಕೆಲಸ ಮುಗಿಯಿತು. (ಮರಿಯಾ ಎಂಬುದು ಅದನ್ನು ಕಟ್ಟಿದ ಮೈಕೇಲ್ ವಿಡೇನಿಯಸ್ ಅವರ ಮಗಳ ಹೆಸರು. ಅದಕ್ಕೆ ಮೂಲವಾದ ಮೈಎಸ್‌ಕ್ಯೂಎಲ್‌ಗೆ ಇನ್ನೊಬ್ಬ ಮಗಳು ‘ಮೈ’ಯ ಹೆಸರು!)

ಇಷ್ಟನ್ನು ಯಾರು ಬೇಕಾದರೂ ಮಾಡುತ್ತಾರೆ. ನನಗೆ ಹೇಳಬೇಕಾಗಿರುವುದು ಮುಂದಿನದು.

ಒಂದು ಸಂಘದವರು ಸದಸ್ಯರ ಪಟ್ಟಿ ಅಚ್ಚು ಹಾಕಿಸಲು ತಂದರು. ಹೆಸರು, ಊರು ಎರಡರ ಜಾಗದಲ್ಲೂ ಬರೀ ಪ್ರಶ್ನೆ ಚಿಹ್ನೆ. ಫೋನ್ ನಂಬರು ಮಾತ್ರ ನೆಟ್ಟಗಿತ್ತು. ‘ಫಾಂಟ್ ಬದಲಿಸಿ ಸಾರ್’ ಎಂದರು. ರೋಗ ಫಾಂಟಿನದಲ್ಲ, ಡೇಟಾಬೇಸಿನದು. ಕೊನೆಗೆ ಹಳೇ ರಸೀದಿ ಪುಸ್ತಕ ಹುಡುಕಿ, ಒಬ್ಬೊಬ್ಬರಿಗೂ ಫೋನ್ ಮಾಡಿ ಮತ್ತೆ ಬರೆದುಕೊಂಡರು. ತೀರಿಕೊಂಡವರನ್ನು ಯಾರು ಕೇಳಬೇಕು?

ನಡೆದದ್ದು ಇಷ್ಟು. ಯೂನಿಕೋಡಿನಲ್ಲಿ ಕನ್ನಡ 1991ರಿಂದಲೇ ಇದೆ. ಲಿನಕ್ಸ್ ಹುಟ್ಟಿದ್ದೂ ಅದೇ ವರ್ಷ. ಆದರೆ 1995ರಲ್ಲಿ ಬಂದ ಮೈಎಸ್‌ಕ್ಯೂಎಲ್, ನೀವೇನೂ ಹೇಳದಿದ್ದರೆ, ಪಶ್ಚಿಮ ಯೂರೋಪಿನ ಅಕ್ಷರಗಳಿಗಷ್ಟೇ ಜಾಗವಿರುವ ಲ್ಯಾಟಿನ್1 ಗೂಡನ್ನೇ ಕೊಡುತ್ತಿತ್ತು. 2018ರಲ್ಲಿ 8.0 ಬಂದ ಮೇಲೆಯೇ ಅದು ಬದಲಾದದ್ದು. ಅಲ್ಲಿಯವರೆಗೆ ಕನ್ನಡಕ್ಕೆ ಕೇಳದೆ ಜಾಗವಿರಲಿಲ್ಲ!

ಆ ಗೂಡಿಗೆ ‘ಕನ್ನಡ’ ಎಂದು ಕಳಿಸಿ ನೋಡಿ. ಬಿಗಿಯಾಗಿ ಇಟ್ಟಿದ್ದರೆ ಬಾಗಿಲಲ್ಲೇ ತಡೆಯುತ್ತದೆ. ಸಡಿಲ ಬಿಟ್ಟಿದ್ದರೆ ಐದು ಪ್ರಶ್ನೆ ಚಿಹ್ನೆ ಬರೆದಿಟ್ಟು ಸುಮ್ಮನಾಗುತ್ತದೆ. ಐದೇ ಯಾಕೆ? ಕ, ನ, ಒತ್ತು ಕೂಡಿಸುವ ಗುರುತು, ಮತ್ತೊಂದು ನ, ಡ. ಅಲ್ಲಿಗೆ ಮೂಲ ಅಕ್ಷರ ಹೋಯಿತು, ಯಾವ ಪರಿಣತನೂ ತೆಗೆದುಕೊಡಲಾರ. ಅದರ ಬದಲು ತಲೆಯ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಗಲೀಜು ಕಂಡರೆ ಸಂತೋಷಪಡಿ. ಕನ್ನಡದ ಬೈಟುಗಳು ಸಾಮಾನ್ಯವಾಗಿ ಒಳಗೇ ಇರುತ್ತವೆ, ಬಿಡಿಸಿ ತೆಗೆಯಬಹುದು.

ಅದಕ್ಕೇ ಡೇಟಾಬೇಸ್ ಸೃಷ್ಟಿಸುವ ಸಾಲಿನಲ್ಲೇ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಎಂದು ಬರೆಯಿರಿ. ಟೇಬಲ್ಲಿಗೂ ಅದೇ, ಪಿಎಚ್‌ಪಿಯ ಸಂಪರ್ಕಕ್ಕೂ ಅದೇ. ಬಾಲವಿಲ್ಲದ ‘ಯುಟಿಎಫ್8’ ಎಂಬ ಹಳೇ ಹೆಸರನ್ನು ನಂಬಬೇಡಿ. ಅದು ಅಕ್ಷರಕ್ಕೆ ಮೂರು ಬೈಟಿನವರೆಗೆ ಮಾತ್ರ. ಕನ್ನಡಕ್ಕೆ ಮೂರು ಸಾಕು, ಆದರೆ ನೀವು ಹೆಸರಿನ ಪಕ್ಕ ಅಂಟಿಸುವ ಇಮೋಜಿಗೆ ನಾಲ್ಕು ಬೇಕು.

ಪ್ರೆಸ್ಸಿನಿಂದ ಬಂದ ಕಡತವನ್ನು ಹಾಗೇ ಸುರಿಯಬೇಡಿ. ಡಿಟಿಪಿಯಲ್ಲಿ ನುಡಿ, ಶ್ರೀಲಿಪಿಯ ಹಳೇ ಫಾಂಟುಗಳು ಇನ್ನೂ ಓಡುತ್ತಿವೆ. ಕಣ್ಣಿಗೆ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷಿನ ಸಂಕೇತ! ಹುಡುಕಿದರೆ ಒಂದು ಪದವೂ ಸಿಗದು. ಯೂನಿಕೋಡಿಗೆ ತಿರುಗಿಸಿ, ಪ್ರೂಫ್ ನೋಡಿ, ಆಮೇಲೆ ತುಂಬಿ. ಒತ್ತಕ್ಷರ, ಅರ್ಕಾವೊತ್ತಿನ ಮೇಲೆ ಕಣ್ಣಿರಲಿ.

ಅಕಾರಾದಿಯನ್ನೂ ಪರೀಕ್ಷಿಸಿ. ‘ಹಸು’, ‘ಹಳ್ಳಿ’ ಎರಡು ಪದ ಹಾಕಿ ಜೋಡಿಸಲು ಹೇಳಿ. ನಮ್ಮ ವರ್ಣಮಾಲೆಯಲ್ಲಿ ‘ಳ’ ಕೊನೆಯದು, ಹಸು ಮೊದಲು ಬರಬೇಕು. ಯೂನಿಕೋಡಿನ ಅಂಕಿ ಲೆಕ್ಕದಲ್ಲಿ ‘ಳ’ ‘ವ’ಕ್ಕಿಂತ ಮುಂಚೆ ಕೂತಿದೆ. ಹಳ್ಳಿ ಮೊದಲು ಬಂದರೆ ಕೊಲೇಷನ್ ಬದಲಿಸಬೇಕು.

ವೆಬ್ಬಿಗೆ 80, 443 ಪೋರ್ಟುಗಳು ಸಾಕು. ಡೇಟಾಬೇಸಿನ 3306 ಹೊರಗಿನವರಿಗೆ ಮುಚ್ಚಿರಲಿ. ಪಿಎಚ್‌ಪಿಗೆ ರೂಟ್ ಪಾಸ್‌ವರ್ಡ್ ಕೊಡಬೇಡಿ, ಆ ಒಂದು ಡೇಟಾಬೇಸಿಗೆ ಮಾತ್ರ ಹಕ್ಕಿರುವ ಬೇರೆ ಬಳಕೆದಾರನನ್ನು ಮಾಡಿ.

ದಿನಾ ರಾತ್ರಿ ಮೈಎಸ್‌ಕ್ಯೂಎಲ್‌ಡಂಪ್ ಓಡಿಸಿ ಪ್ರತಿ ತೆಗೆದಿಡಿ. ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೊಂದು ಕಂಪ್ಯೂಟರಿಗೆ ಸುರಿದು ಹತ್ತು ಹೆಸರು ಗಟ್ಟಿಯಾಗಿ ಓದಿ.