ಬಾಗಿಲು ಮುಚ್ಚಿದ 68 ದಿನಗಳು
(ಮಿಲ್ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಿಗಳ ವಾರದ ಅಧ್ಯಯನ ಕೂಟದಲ್ಲಿ ಮಾಡಿದ ಭಾಷಣ)

ಈ ಸಂಜೆ ನಮಗೆ ಕೊಟ್ಟಿರುವ ವಿಷಯ ‘ಮನೆಯೊಳಗೇ ಕೂರಬೇಕಾಗಿ ಬಂದಾಗ ಕಾಲವನ್ನು ಬಳಸುವುದು ಹೇಗೆ’ ಎಂಬುದು. ವಿಷಯ ಓದಿದಾಗ ಹಿಂದಿನ ಸಾಲಿನಲ್ಲಿ ಕೆಲವರು ನಕ್ಕಿರಿ. ನಕ್ಕದ್ದು ಸರಿಯೇ. ದುಡಿದು ತಿನ್ನುವವನಿಗೆ ಮನೆಯಲ್ಲಿ ಕೂತ ದಿನವೆಂದರೆ ಒಲೆ ಹೊತ್ತದ ದಿನ. ಅಂಥವನಿಗೆ ‘ಆತ್ಮೋನ್ನತಿ ಸಾಧಿಸು’ ಎಂದು ಉಪದೇಶ ಹೇಳಿದರೆ ಅವನು ನಗದೆ ಇನ್ನೇನು ಮಾಡಿಯಾನು? ಆದರೂ ಈ ವಿಷಯವನ್ನು ಉಳ್ಳವರ ಕೈಗೇ ಬಿಟ್ಟುಕೊಡಬಾರದೆಂದು ನಾವು ಮಾತಿಗೆ ನಿಂತಿದ್ದೇವೆ.

2020ರ ಮಾರ್ಚ್ 24ನ್ನು ನೆನಪಿಸಿಕೊಳ್ಳಿ. ರಾತ್ರಿ 8 ಗಂಟೆಗೆ ಪ್ರಧಾನಿಗಳು ಮಾತಾಡಿದರು. ನಡುರಾತ್ರಿಗೆ ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಸಿದ್ಧತೆಗೆ ಜನಕ್ಕೆ ಸಿಕ್ಕಿದ್ದು 4 ಗಂಟೆ. 21 ದಿನವೆಂದದ್ದು ಮೂರು ಸಲ ಬೆಳೆದು ಮೇ 31ರವರೆಗೆ ಹೋಯಿತು; ಒಟ್ಟು 68 ದಿನ. ಮಿಲ್ಲಿನ ಸೈರನ್ ನಿಂತಿತು, ಅಂಗಡಿ ಬೀದಿಯಲ್ಲಿ ನಾಯಿಗಳಷ್ಟೇ ತಿರುಗಿದವು. ಊರು ಬಿಟ್ಟು ಬಂದಿದ್ದ ಕೂಲಿಕಾರರು ಗಂಟುಮೂಟೆ ಹೊತ್ತು ಹೆದ್ದಾರಿ ಹಿಡಿದರು. ಅದೇ ಹೊತ್ತಿನಲ್ಲಿ ದೊಡ್ಡ ಮನೆಗಳಿಂದ ಉಪದೇಶ ಬರುತ್ತಿತ್ತು: ಹೊಸ ಅಡಿಗೆ ಕಲಿಯಿರಿ, ಹೊಸ ಭಾಷೆ ಕಲಿಯಿರಿ, ಕಾಲವನ್ನು ವ್ಯರ್ಥ ಮಾಡಬೇಡಿ!

ಸೆರೆವಾಸವನ್ನು ವಿದ್ಯಾಲಯ ಮಾಡಿಕೊಂಡವರು ಇಲ್ಲವೆಂದಲ್ಲ. ಲೋಕಮಾನ್ಯ ತಿಲಕರು ಮಂಡಾಲೆಯ ಸೆರೆಯಲ್ಲಿ ‘ಗೀತಾರಹಸ್ಯ’ ಬರೆದರು. ನೆಹರೂ ಅವರು 1944ರಲ್ಲಿ ಅಹಮದ್‌ನಗರದ ಕೋಟೆಯಲ್ಲಿದ್ದುಕೊಂಡು ಭಾರತದ ಚರಿತ್ರೆ ಬರೆದರು. ಇಟಲಿಯ ಗ್ರಾಂಶಿ ಮುಸೊಲಿನಿಯ ಜೈಲಿನಲ್ಲಿ ರೋಗದಿಂದ ನರಳುತ್ತಲೇ ಟಿಪ್ಪಣಿ ಪುಸ್ತಕಗಳನ್ನು ತುಂಬಿಸಿದರು. ದೊಡ್ಡವರ ಮಾತು ದೊಡ್ಡದು. ನಮ್ಮ ಓಣಿಯ ಮಾತು ಬೇರೆ. ಅಲ್ಲಿ ಹತ್ತಡಿ ಕೋಣೆಯಲ್ಲಿ ಆರು ಜನ.

ನಮ್ಮ ಕಥೆಯನ್ನೇ ಮೊದಲು ಹೇಳುತ್ತೇವೆ. ಆಗ ನಾವು ಖಾಸಗಿ ಶಾಲೆಯೊಂದರಲ್ಲಿ ಚಿಕ್ಕ ಮಕ್ಕಳ ಮೇಷ್ಟರು. ಶಾಲೆ ಮುಚ್ಚಿತು, ಸಂಬಳವೂ ನಿಂತಿತು. ಮೊದಲ ಮೂರು ವಾರ ಮಲಗಿದೆವು, ಎದ್ದೆವು, ಫೋನ್ ನೋಡಿದೆವು, ಹೆಂಡತಿ ಮಕ್ಕಳ ಮೇಲೆ ರೇಗಿದೆವು. ಅದಕ್ಕಿಂತ ಕೆಟ್ಟದ್ದನ್ನೂ ಮಾಡಿದೆವು. ಇಂಥ ಮತದ ವ್ಯಾಪಾರಿಗಳಿಂದಲೇ ರೋಗ ಹರಡುತ್ತಿದೆ ಎಂಬ ಸುದ್ದಿಯೊಂದು ಏಪ್ರಿಲ್‌ನಲ್ಲಿ ಫೋನಿಗೆ ಬಂತು. ನಿಜವೋ ಸುಳ್ಳೋ ನೋಡದೆ ಓಣಿಯವರಿಗೆ ಓದಿ ಹೇಳಿದೆವು. ಮರುದಿನವೇ, ಹದಿನೈದು ವರ್ಷದಿಂದ ತಳ್ಳುಗಾಡಿಯಲ್ಲಿ ತರಕಾರಿ ತರುತ್ತಿದ್ದ ಸಾಹೇಬರನ್ನು ನಮ್ಮವರು ಓಣಿಯ ಬಾಯಲ್ಲೇ ತಡೆದು ಹಿಂದಕ್ಕೆ ಕಳಿಸಿದರು. ಆತ ವಾದಿಸಲಿಲ್ಲ. ಗಾಡಿ ತಿರುಗಿಸಿಕೊಂಡು ಹೋದರು.

ಆ ರಾತ್ರಿ ನಮ್ಮ ಮನೆಯಾಕೆ ಒಂದೇ ಮಾತು ಕೇಳಿದರು: “ರೀ, ಅದು ನಿಜ ಅಂತ ನಿಮಗೆ ಯಾರು ಹೇಳಿದ್ದು?” ಉತ್ತರವಿರಲಿಲ್ಲ. ನಾಲ್ಕು ದಿನ ಕಳೆದ ಮೇಲೆ ಸಾಹೇಬರ ಮನೆಗೆ ಹೋಗಿ ತಪ್ಪಾಯಿತೆಂದೆವು. “ಮೇಷ್ಟ್ರು ಹೇಳಿದ್ದು ಅಂತ ಜನ ನಂಬಿದರು, ಅಷ್ಟೇ ಬಿಡ್ರಿ” ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಮರುದಿನ ಬೆಳಿಗ್ಗೆ ಅವರ ಗಾಡಿಯ ಜೊತೆ ನಾವೇ ಓಣಿಯೊಳಕ್ಕೆ ನಡೆದು ಬಂದು, ಮನೆಮನೆಗೆ ಹೇಳಿದೆವು. ಓದು ಬರಹ ಬಲ್ಲವನ ಬಾಯಿ ಎಷ್ಟು ಅಪಾಯವೆಂದು ಕಲಿತದ್ದು ಆಗ. ನಮ್ಮ ಆತ್ಮೋನ್ನತಿ ಏನಾದರೂ ಆಗಿದ್ದರೆ ಅದು ಆ ನಾಚಿಕೆಯಿಂದಲೇ ಶುರುವಾಯಿತು.

ಆಮೇಲೆ ಸಂಜೆ ಒಂದು ಗಂಟೆ, ಕಟ್ಟೆಯ ಮೇಲೆ ದೂರ ದೂರ ಕೂತು, ನಾಲ್ಕು ಮಂದಿ ಪತ್ರಿಕೆ ಓದತೊಡಗಿದೆವು. ಫೋನಿನ ಸುದ್ದಿ ಬೇಡ, ಸರ್ಕಾರದ ಆಜ್ಞೆಯನ್ನೇ ಓದೋಣವೆಂದು ಗೊತ್ತುಮಾಡಿದೆವು. ಆಗ ಕಣ್ಣು ತೆರೆಯಿತು. ಮುಚ್ಚಿದ ಅವಧಿಗೂ ಕಡಿತವಿಲ್ಲದೆ ಕೂಲಿ ಕೊಡಬೇಕೆಂದು ಮಾರ್ಚ್ 29ರಂದೇ ಕೇಂದ್ರದ ಆಜ್ಞೆಯಾಗಿತ್ತು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು? ಗೊತ್ತಾಗಿ ಕೇಳುವಷ್ಟರಲ್ಲಿ, ಮೇ 18ರಿಂದ ಆ ಆಜ್ಞೆಯೇ ಇಲ್ಲವಾಯಿತು. ಅಜ್ಞಾನಕ್ಕೆ ನಾವು ತೆತ್ತ ದಂಡ ಅದು.

ಭವಿಷ್ಯನಿಧಿಯಿಂದ ಮೂರು ತಿಂಗಳ ಮೂಲವೇತನ ಮತ್ತು ತುಟ್ಟಿಭತ್ಯೆ, ಇಲ್ಲವೆ ಖಾತೆಯಲ್ಲಿರುವುದರ ನೂರಕ್ಕೆ 75 ಭಾಗ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ತೆಗೆಯಬಹುದೆಂದು ಆಗ ಹೊಸ ನಿಯಮ ಬಂದಿತ್ತು. ಪಕ್ಕದ ಮನೆಯ ನೂಲಿನ ಕಾರ್ಮಿಕರೊಬ್ಬರ ಖಾತೆ ತೆರೆದು ನೋಡಿದೆವು. ಪಗಾರ ಚೀಟಿಯಲ್ಲಿ ತಿಂಗಳು ತಿಂಗಳೂ ಕಡಿತವಿದೆ; ಖಾತೆಯಲ್ಲಿ 11 ತಿಂಗಳಿಂದ ಜಮೆಯೇ ಇಲ್ಲ! ಕಟ್ಟೆಯ ಮೇಲೆ ಒಬ್ಬೊಬ್ಬರೂ ತಮ್ಮ ಚೀಟಿ ತಂದು ಹರವಿದರು. ಹದಿನೇಳು ಮಂದಿಯದೂ ಅದೇ ಕಥೆ. ಹದಿನೇಳು ಸಹಿಗಳ ಅರ್ಜಿ ಬರೆದದ್ದು ಆ ಕಟ್ಟೆಯಲ್ಲೇ. ಅವರಲ್ಲಿ ಇಬ್ಬರು ಹೆಬ್ಬೆಟ್ಟಿನ ಬದಲು ಹೆಸರು ಬರೆಯಲು ಕಲಿತದ್ದೂ ಆ ಅರ್ಜಿಗಾಗಿಯೇ. ಹಣ ಕಂತುಕಂತಾಗಿ ಜಮೆಯಾಗಲು ಒಂದೂವರೆ ವರ್ಷ ಹಿಡಿಯಿತು. ಆದರೂ ಬಂತು.

ವ್ಯಾಪಾರಿ ಮಿತ್ರರೇ, ನಿಮ್ಮ ಮಾತಿಗೆ ಬರೋಣ. ಆ ದಿನಗಳಲ್ಲಿ ಓಣಿಯನ್ನು ಉಳಿಸಿದ್ದು ರೇಷನ್ ಅಕ್ಕಿ ಮತ್ತು ಕಿರಾಣಿ ಅಂಗಡಿಯ ಉದ್ರಿ ಪುಸ್ತಕ. ಇದನ್ನು ನಾವು ಮರೆಯಕೂಡದು. ಆದರೆ ಬ್ಯಾಂಕಿನ ಕಂತನ್ನು ಆರು ತಿಂಗಳು ಮುಂದೂಡಿದಾಗ ನಿಮ್ಮಲ್ಲಿ ಅನೇಕರು ಸಾಲ ಮನ್ನಾ ಆಯಿತೆಂದೇ ತಿಳಿದಿರಿ. ಪೆನ್ಸಿಲ್ ಹಿಡಿದು ಲೆಕ್ಕ ಹಾಕಿ. ನೂರಕ್ಕೆ 12ರ ಬಡ್ಡಿಯಲ್ಲಿ 1,00,000 ರೂಪಾಯಿ ಸಾಲಕ್ಕೆ ತಿಂಗಳಿಗೆ 1,000. ಆರು ತಿಂಗಳಿಗೆ 6,000. ಬಡ್ಡಿಯ ಮೇಲಿನ ಬಡ್ಡಿಯನ್ನು, 2 ಕೋಟಿಯವರೆಗಿನ ಸಾಲಗಳಿಗೆ, ಸರ್ಕಾರ ಆಮೇಲೆ ಭರಿಸಿತು. ಮೂಲ ಬಡ್ಡಿ ಮಾತ್ರ ನಿಮ್ಮ ತಲೆಯ ಮೇಲೇ ಉಳಿಯಿತು. ಕೂಡುವುದು ಕಳೆಯುವುದು ಮಕ್ಕಳ ಪಾಠವೆಂದು ತಿಳಿಯಬೇಡಿ.

ಇನ್ನೊಂದು ಪಾಠ ಮನೆಯೊಳಗಿನದು. ಗಂಡಸರು ಹಗಲೆಲ್ಲ ಮನೆಯಲ್ಲಿದ್ದಾಗ ಹೆಂಗಸರ ಒಲೆ ಆರಲೇ ಇಲ್ಲ. ಮಿಲ್ಲಿಗೆ ರಜ ಬಂತು, ಅವರಿಗೆ ಪಾಳಿ ಹೆಚ್ಚಾಯಿತು. ನಲ್ಲಿಯ ನೀರು ತರುವುದು, ಪಾತ್ರೆ ತಿಕ್ಕುವುದು ನಾವು ಕಲಿತದ್ದು ಆಗ. ಮನೆಯಲ್ಲಿ ದುಡಿಸಿಕೊಂಡು ಹೊರಗೆ ಬಂದು ದುಡಿಮೆಯ ಹಕ್ಕಿನ ಮಾತಾಡುವುದು ನಾಚಿಕೆಗೇಡು.

ಕಡೆಯದಾಗಿ ವಿರಾಮದ ಮಾತು. ಎಂಟು ಗಂಟೆ ದುಡಿಮೆ, ಎಂಟು ಗಂಟೆ ವಿರಾಮ, ಎಂಟು ಗಂಟೆ ನಿದ್ದೆ ಎಂಬ ಬೇಡಿಕೆಯನ್ನು ಎತ್ತಿದ ರಾಬರ್ಟ್ ಓವೆನ್ ಸ್ವತಃ ಹತ್ತಿಯ ಮಿಲ್ಲಿನ ಒಡೆಯ. ಮನುಷ್ಯ ಬೆಳೆಯುವುದು ಆ ನಡುವಿನ ಎಂಟು ಗಂಟೆಯಲ್ಲಿ ಎಂಬುದೇ ಅದರ ಮರ್ಮ. ನಾವು ಇನ್ನೂ ಮನೆಯೊಳಗೆ ಕೂತಿದ್ದಾಗಲೇ, 2020ರ ಮೇ 22ರಂದು, ಕರ್ನಾಟಕದಲ್ಲಿ ಕಾರ್ಖಾನೆಯ ದುಡಿಮೆಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸುವ ಆಜ್ಞೆ ಹೊರಟಿತು. ಕೆಲವರು ಎಚ್ಚರವಿದ್ದರು, ಹೈಕೋರ್ಟಿನಲ್ಲಿ ಪ್ರಶ್ನಿಸಿದರು. ಜೂನ್ 11ರಂದು ಸರ್ಕಾರ ಅದನ್ನು ಹಿಂದಕ್ಕೆ ಪಡೆಯಿತು. ನಾವು ನಿದ್ದೆ ಮಾಡಿದರೂ ನಮ್ಮ ಗಂಟೆಗಳನ್ನು ಎಣಿಸುವವರು ನಿದ್ದೆ ಮಾಡುವುದಿಲ್ಲ.

ಬಂಧುಗಳೇ, ರೋಗವೇ ಬರಬೇಕೆಂದಿಲ್ಲ. ಬೀಗಮುದ್ರೆ ಬೀಳಬಹುದು, ಮುಷ್ಕರ ಎಳೆಯಬಹುದು, ಮಳೆ ನಿಲ್ಲದೆ ಹೋಗಬಹುದು. ಹಾಗೆ ಮನೆಯಲ್ಲಿ ಕೂರುವ ದಿನ ಬಂದರೆ ಮೂರು ಕೆಲಸ ಹಿಡಿಯಿರಿ. ನಿಮ್ಮ ಪಗಾರ ಚೀಟಿ, ನಿಮ್ಮ ಸಾಲದ ಪತ್ರ ತೆಗೆದು ಪೂರ್ತಿ ಓದಿ. ದಿನಕ್ಕೆ ಒಂದು ಗಂಟೆ ನಾಲ್ಕು ಜನ ಕೂಡಿ ಓದಿ. ಮನೆಯ ಕೆಲಸದಲ್ಲಿ ಒಂದನ್ನಾದರೂ ನಿಮ್ಮದಾಗಿ ಮಾಡಿಕೊಳ್ಳಿ. ಹೊಟ್ಟೆಗಿಲ್ಲದವನಿಗೆ ಓದೆಂದು ಹೇಳುವ ಕಟುಕತನ ನಮ್ಮದಲ್ಲ. ಅವನ ಮನೆಗೆ ಮೊದಲು ಅಕ್ಕಿ ಹೋಗಲಿ, ಆಮೇಲೆ ಪತ್ರಿಕೆ.

ತರಕಾರಿ ಸಾಹೇಬರು ಈಗಲೂ ನಮ್ಮ ಓಣಿಗೆ ಬರುತ್ತಾರೆ. ಫೋನಿಗೆ ಬಂದ ಸುದ್ದಿಯನ್ನು ಓದಿ ಹೇಳಿ ಎಂದು ಯಾರಾದರೂ ನಮ್ಮನ್ನು ಕೇಳಿದರೆ, ಮೊದಲು ಅವರ ಗಾಡಿಯ ನೆನಪಾಗುತ್ತದೆ. ಇಷ್ಟು ಹೇಳಿ ಕೂರುತ್ತೇವೆ. ಬರುವ ವಾರ ಎಲ್ಲರೂ ತಪ್ಪದೆ ಪಗಾರ ಚೀಟಿಯೊಡನೆ ಬನ್ನಿ.