ಕಸವೂ ಸರಕಾರದ ಧನಸಹಾಯವೂ



2023ರ ಮಾರ್ಚಿಯಲ್ಲಿ ಬ್ರಹ್ಮಪುರದ ಕಸದ ರಾಶಿಗೆ ಬೆಂಕಿ ಬಿದ್ದು, ಕೊಚ್ಚಿ ನಗರವು ದಿನಗಟ್ಟಲೆ ಹೊಗೆಯಲ್ಲಿ ಮುಳುಗಿದ್ದುದನ್ನು ನಾವೆಲ್ಲರೂ ಬಲ್ಲೆವು. ವಯನಾಡಿನ ತೋಡುಗಳಲ್ಲಿ ಬಹುತೇಕವು ಕಬಿನಿಯನ್ನು ಸೇರತಕ್ಕವು. ನಾವು ಇಲ್ಲಿ ಎಸೆದುದು ಮಳೆಗಾಲದಲ್ಲಿ ಮೈಸೂರು ಸೀಮೆಗಿಳಿಯುವುದು.

ವಿಶ್ವಬ್ಯಾಂಕಿನ ಸಾಲದ ನೆರವು 2021ರಲ್ಲಿ ಮಂಜೂರಾದ ಕೇರಳದ ಘನತ್ಯಾಜ್ಯ ಯೋಜನೆಯಲ್ಲಿ 93 ನಗರಸಂಸ್ಥೆಗಳಿಗೆ ಧನಸಹಾಯವುಂಟು. ಕಲ್ಪೆಟ್ಟ, ಮಾನಂತವಾಡಿ, ಸುಲ್ತಾನ್ ಬತ್ತೇರಿಗಳೂ ಅವುಗಳಲ್ಲಿ ಸೇರಿವೆ. (ಸಾಲವನ್ನು ತೀರಿಸಬೇಕಾದವರೂ ನಾವೇ ಅಲ್ಲವೇ!) ಹಣದಿಂದ ಶೆಡ್ಡು, ಯಂತ್ರಗಳು ಬಂದಾವು. ಆದರೆ ಹರಿತ ಕರ್ಮ ಸೇನೆಯ ಸೋದರಿಯರು ಬಾಗಿಲಿಗೆ ಬಂದಾಗ ತೊಳೆಯದ ಹಾಲಿನ ಪೊಟ್ಟಣಗಳನ್ನು ಕೊಟ್ಟರೆ ಯಂತ್ರವು ತಾನೇ ಏನು ಮಾಡೀತು? ತೊಳೆದು ಒಣಗಿಸಿದ ಪ್ಲಾಸ್ಟಿಕ್ ಚೂರಾಗಿ ರಸ್ತೆಯ ಡಾಮರಿನಲ್ಲಿ ಬೆರೆಯುವುದುಂಟು. ಕೊಳೆತುದು ಗುಂಡಿಗೇ ಸೇರುವುದು. ಆ ಸೋದರಿಯರಿಗೆ ತಿಂಗಳ ಶುಲ್ಕವನ್ನು ಕೊಡಲು ಕೆಲವರು ಮುಖ ಸಿಂಡರಿಸುವರು. ಅವರ ದುಡಿಮೆಗೆ ಬಹುಮಟ್ಟಿಗೆ ಅದೊಂದೇ ಆಧಾರ.